ಶೇಡಿ ಮಣ್ಣು

ಮಳೆಗಾಲ ಮುಗಿಯುವವರೆಗೆ ಜೇಸಿಬಿ ಇಲ್ಲೇ ಇರಲಿ
ಎಂದು ಪಂಚಾಯಿತಿಯ ಪತ್ರ.
ಗಂಟೆ ಲೆಕ್ಕವಲ್ಲ, ದಿನದ ಬಾಡಿಗೆ,
ಡೀಸೆಲ್ ಬೇರೆ.
ಕೈಕಂಬದಿಂದ ಒಳಗೆ, ಬಸ್ಸು ತಿರುಗಿಸುವ ಜಾಗದಲ್ಲಿ
ನಿಲ್ಲಿಸಿದ್ದೇನೆ, ಬಕೆಟ್ಟು ನೆಲಕ್ಕೂರಿ,
ಮೂತಿ ಗುಡ್ಡೆಯ ಕಡೆಗೆ.

ಈ ಗುಡ್ಡೆಯನ್ನು ಕಡಿದವನು ನಾನೇ.
ಜನವರಿಯಲ್ಲಿ, ಹನ್ನೊಂದು ದಿನ, ಒಂಬತ್ತು ಸೈಟಿಗೆ.
ಮೇಲೆ ಮುರಕಲ್ಲು, ಬಕೆಟ್ಟಿನ ಹಲ್ಲು ಸವೆಸುವಷ್ಟು ಗಟ್ಟಿ;
ಅದರಡಿ ಶೇಡಿ ಮಣ್ಣು,
ಬೆಳ್ಳಗೆ, ಅಲ್ಲಲ್ಲಿ ನಸುಗುಲಾಬಿ,
ಬೆಣ್ಣೆಯ ಹಾಗೆ ಬಂತು.
ಇಷ್ಟು ಸುಲಭದಲ್ಲಿ ಬರುವುದು ಒಳ್ಳೆಯದಲ್ಲ
ಎಂದು ಆವತ್ತೇ ಅನಿಸಿತ್ತು.
ಅನಿಸಿದ್ದಕ್ಕೆ ಬಿಲ್ಲು ಹಾಕುವ ಕ್ರಮ ಇಲ್ಲ.

ಗುಡ್ಡೆಯ ನೆತ್ತಿಯಲ್ಲಿ ಸೇಸಕ್ಕನ ಮನೆ.
ಅಂಗಳದಲ್ಲಿ ಬಿರುಕು, ಬೆರಳು ಹೋಗುವಷ್ಟು.
ಪಿಡಿಒ ಬಂದರು. ಅಳತೆ ಕಾಣಲಿ ಎಂದು
ಬಿರುಕಿನ ಪಕ್ಕ ತಮ್ಮ ಪೆನ್ನು ಇಟ್ಟು ಫೋಟೋ ತೆಗೆದರು,
ಪೆನ್ನು ಮರೆತು ಹೋದರು.
ಮೂರನೇ ದಿನ ಅದು ಒಳಗೆ ಬಿತ್ತು.

ಅಂದು ಸಂಜೆ ಸೇಸಕ್ಕ
ಬೀಡಿ ಕಟ್ಟುವ ನೂಲನ್ನು ಬಿರುಕಿಗೆ ಅಡ್ಡ ಎಳೆದು
ಗೂಟಕ್ಕೆ ಕಟ್ಟಿದಳು.
ಇನ್ನೊಂದು ತುದಿಗೆ ಸ್ಟೀಲಿನ ತಟ್ಟೆ,
ಜಗಲಿಯ ಅಂಚಿನಲ್ಲಿ, ಬೀಳಲಿಕ್ಕೆ ತಯಾರಾಗಿ.
"ಅವರ ಸೈರನ್ನಿಗೆ ಕರೆಂಟು ಬೇಕು ಮಾರಾಯ,
ಇದಕ್ಕೆ ಬೇಡ."

ಕೆಳಗಿನ ಮನೆಯವರಿಗೆ ಪಾಠವೂ ಅವಳದೇ.
ರೇಷನ್ ಕಾರ್ಡು, ಆಧಾರು, ಐಸಮ್ಮನ ಶುಗರಿನ ಮದ್ದು
ತೊಟ್ಟೆಯಲ್ಲಿ ಕಟ್ಟಿ ಬಾಗಿಲ ಹಿಂದಿನ ಮೊಳೆಗೆ.
ಟಾರ್ಚು ದಿಂಬಿನಡಿಗಲ್ಲ, ಚಪ್ಪಲಿಯ ಮೇಲೆ.
ಓಡುವುದು ಇಳಿಜಾರಿಗಲ್ಲ, ಅಡ್ಡಕ್ಕೆ, ಶಾಲೆಯ ಕಡೆಗೆ.
ಬಾವಿಯ ನೀರು ಬೆಳ್ಳಗಾದರೆ
ತಟ್ಟೆಯ ಸದ್ದನ್ನೂ ಕಾಯಬೇಡಿ.
ಮೋಂತು ನಕ್ಕ: "ನಾಯಿಗೂ ಹೇಳಿದ್ದೀಯಾ?"
"ಅದಕ್ಕೆ ಮೊದಲೇ ಗೊತ್ತುಂಟು. ನಿನಗೆ ಹೇಳುವುದು."

ನಿನ್ನೆ ರಾತ್ರಿ ಎರಡೂಕಾಲಕ್ಕೆ ತಟ್ಟೆ ಬಿತ್ತು.
ಇಷ್ಟೆಲ್ಲ ಮಳೆಯ ಒಳಗೆ
ಯಾರದೋ ಅಡಿಗೆಮನೆಯ ಸದ್ದಿನ ಹಾಗೆ, ಸಣ್ಣಗೆ.
ಕ್ಯಾಬಿನ್ನಿನಲ್ಲಿ ಮಡಿಚಿ ಮಲಗಿದ್ದವನು
ಎರಡೂ ದೀಪ ಹಾಕಿದೆ.
ನಾನು ಸೀಳಿದ ಜಾಗ ಬೆಳ್ಳಗೆ ಎದ್ದು ನಿಂತಿತು,
ಮೈತುಂಬ ನೀರು ಇಳಿಸುತ್ತ.
ಆ ಬೆಳಕಿನಲ್ಲಿ ಇಪ್ಪತ್ತಮೂರು ಜನ
ಅಡ್ಡಕ್ಕೆ ಹಾದುಹೋದರು,
ಒಬ್ಬೊಬ್ಬರ ಕೈಯಲ್ಲೂ ತೊಟ್ಟೆ.
ಐಸಮ್ಮ ಮೋಂತುವಿನ ಬೆನ್ನ ಮೇಲೆ;
ಯಾರು ಯಾರನ್ನು ಬೈಯುತ್ತಿದ್ದರೋ ತಿಳಿಯಲಿಲ್ಲ.
ಒಂದು ಮಗು ಬಾಲ್ದಿಗೆ ಮುಚ್ಚಳ ಹಾಕಿಕೊಂಡಿತ್ತು,
ಒಳಗೆ ಕೋಳಿಮರಿ ಕೂಗುತ್ತಿತ್ತು.
ಲಿವರಿನ ಮೇಲೆ ಕೈಯಿಟ್ಟು ಎಣಿಸಿದೆ.
ಎರಡು ಸಲ ಎಣಿಸಿದೆ.
ಕೊನೆಯವಳು ಸೇಸಕ್ಕ, ಕೊಡೆ ಇಲ್ಲದೆ.

ಗುಡ್ಡೆ ಬೀಳಲಿಲ್ಲ.

ಬೆಳಿಗ್ಗೆ ನೋಡಿದರೆ ನೂಲು ಕಡಿದದ್ದು ಹೆಗ್ಗಣ.
ಶಾಲೆಯ ಬೆಂಚಿನ ಮೇಲೆ ನಿದ್ದೆಗೆಟ್ಟವರು ಬೈದರು,
ಬೈಯುತ್ತಲೇ ಗಂಜಿ ಉಂಡರು, ಉಪ್ಪಿನಕಾಯಿ ಕೇಳಿದರು.
ಪಿಡಿಒ ಫೋನಿನಲ್ಲಿ: ಸುಮ್ಮಸುಮ್ಮನೆ ಹೆದರಿಸಬೇಡಿ.

ಸೇಸಕ್ಕ ಹೊಸ ನೂಲು ಬಿಚ್ಚಿದಳು,
ಈ ಸಲ ಜೋಡಿ ಎಳೆ.
ಗಂಟು ಹಾಕುತ್ತ, ನನ್ನ ಕಡೆ ನೋಡದೆ,
"ನೀನು ಎಷ್ಟು ಎತ್ತರ ಕಡಿದದ್ದು? ಸರಿಯಾಗಿ ಹೇಳು."
ಕೈ ಎತ್ತಿ ತೋರಿಸಿದೆ, ನನ್ನ ನೆತ್ತಿಯಷ್ಟು.
ಎದ್ದು ಬಂದು ಮೊಣಕೈ ಹಿಡಿದಳು.
ಇನ್ನೂ ಮೇಲೆತ್ತಿದಳು,
ಇನ್ನೂ,
ನನ್ನ ಹಿಮ್ಮಡಿ ನೆಲ ಬಿಡುವವರೆಗೆ.