ಎರಡು ದಿನದ ಕೆಲಸ

ಎಂಜಿನ್ ಎತ್ತುವ ಕ್ರೇನು ಊರಿಗೆಲ್ಲ ಒಂದೇ, ಅದು ನನ್ನದು.
ಕೆಂಪು ಬಣ್ಣ, ಮಡಚುವ ಕಾಲು,
ಹಿಂದಿನ ಎಡಗಾಲಿ ಕಿರುಗುಟ್ಟುತ್ತದೆ.
ಯಾರ ಶನಿವಾರ ಎಷ್ಟು ಉದ್ದ ಎಂಬುದು
ಅವರ ಮನೆಯವರಿಗಿಂತ ಮೊದಲು
ನನ್ನ ವೆಲ್ಡಿಂಗ್ ಶೆಡ್ಡಿನ ಕ್ಯಾಲೆಂಡರಿಗೆ ಗೊತ್ತು.

ಲಾರ್ನ್ ಹ್ರಿಟ್ಸಾಕ್ ಬಂದದ್ದು ಸೆಪ್ಟೆಂಬರಿನ ಕೊನೆಯ ಗುರುವಾರ.
ಸಸ್ಕಾಚೆವಾನಿನ ಗೋಧಿ ಹೊಲ ಆಗಷ್ಟೇ ಕ್ಷೌರವಾದ ಗಲ್ಲದಂತೆ
ಕಣ್ಣು ಹೋದಷ್ಟೂ ಬೋಳು.
ಕಿಸೆಯಿಂದ ಪುಟ್ಟ ನೋಟ್‌ಬುಕ್ ತೆಗೆದ:
“ಬಿಚ್ಚಲು ಆರು ಗಂಟೆ.
ಹಳೆಯದು ಇಳಿಸಿ ಹೊಸದು ಕೂರಿಸಲು ನಾಲ್ಕು.
ಜೋಡಿಸಲು ಎಂಟು. ಹದಿನೆಂಟು ಗಂಟೆ, ಇಂಗಾ,
ಎರಡು ದಿನದ ಕೆಲಸ.
ಭಾನುವಾರ ರಾತ್ರಿ ಊಟಕ್ಕೆ ಮುಂಚೆ
ಕ್ರೇನು ನಿನ್ನ ಅಂಗಳದಲ್ಲಿ.”

ಕೂಡಿದ್ದರಲ್ಲಿ ತಪ್ಪಿರಲಿಲ್ಲ.
ಧಾನ್ಯದ ಗೋದಾಮಿನಲ್ಲಿ ತೂಕ ಬರೆಯುವವನು,
ಒಂದು ಕಾಳು ಆಚೀಚೆ ಆಗಲು ಬಿಡುವವನಲ್ಲ.
ಆದರೆ ಆ ಪುಟದಲ್ಲಿ
ಹತ್ತು ಎಂಎಂ ಸಾಕೆಟ್ ಹುಡುಕುವ ಗಂಟೆ ಇರಲಿಲ್ಲ.
(ಅದು ಎಲ್ಲಿ ಹೋಗುತ್ತದೆಂದು ಈ ಬಯಲಿನಲ್ಲಿ ಯಾರಿಗೂ ತಿಳಿಯದು.)
ರಸ್ತೆಗೆ ಉಪ್ಪು ಸುರಿದ ಇಪ್ಪತ್ತೆಂಟು ಚಳಿಗಾಲ
ಸೈಲೆನ್ಸರಿನ ಬೋಲ್ಟುಗಳಲ್ಲಿ ಬೇರು ಬಿಟ್ಟದ್ದು ಇರಲಿಲ್ಲ.
ನೂರ ನಲವತ್ತು ಕಿಲೋಮೀಟರ್ ಹೋಗಿ ತಂದ ಗ್ಯಾಸ್ಕೆಟ್ಟಿಗೆ
ಒಂದು ತೂತು ಹೆಚ್ಚಾಗಿರುವುದು,
ಮತ್ತೆ ಅಷ್ಟೇ ದೂರ, ಯಾರದೋ ಕಾರಿನಲ್ಲಿ,
ಅವರ ನಾಯಿಯ ಪಕ್ಕ ಕೂತು.
ಹೊಸದು ಎಂದನಲ್ಲ, ಅದೂ
ಆಲಿಕಲ್ಲಿಗೆ ನಜ್ಜುಗುಜ್ಜಾದ ಇನ್ನೊಂದು ಟ್ರಕ್ಕಿನ ಎದೆಯಿಂದ ಕಿತ್ತದ್ದು.

ಅವನ ಹೆಂಡತಿ ಮಾರ್ಲೇನ್ ರಾತ್ರಿ ಪಾಳಿಯ ನರ್ಸು.
ಹೊಗೆ ಕಾರುತ್ತಿದ್ದ ಟ್ರಕ್ಕಿನ ಕಿಟಕಿ ಇಳಿಸಿ
ಒಂದೇ ಮಾತು ಕೇಳಿದಳು:
“ಯಾವ ಭಾನುವಾರ?”

ನಾನು ನಗಲಿಲ್ಲ. ನಗುವ ಹಕ್ಕು ನನಗಿಲ್ಲ.
ನನ್ನ ಟ್ರಕ್ಕಿಗೆ ನಾನೂ ಹೇಳಿದ್ದೆ: ಒಂದು ವಾರ.
ಎಂಜಿನ್ ಹೊರಬಂದ ದಿನ ನನ್ನ ಸಿಗ್ನೆ ಅಂಬೆಗಾಲಿಡುತ್ತಿದ್ದಳು.
ನಡುವೆ ಒಂದು ಸಂಜೆ,
ನನ್ನ ಎರಡೂ ಕೈ ಗೇರ್ ಬಾಕ್ಸಿನ ಕೆಳಗೆ ಸಿಕ್ಕಿರುವಾಗ,
ಬಂಪರ್ ಹಿಡಿದು ಎದ್ದು ನಿಂತಳು.
ನಿಂತವಳು ನಡೆದಳು,
ಟೈರಿನಿಂದ ಟೂಲ್ ಬಾಕ್ಸಿಗೆ, ನಾಲ್ಕು ಹೆಜ್ಜೆ.
ಕೊನೆಗೊಮ್ಮೆ ಎಂಜಿನ್ ಕೆಮ್ಮಿ ಕೂಗಿದಾಗ
ಎರಡೂ ಕಿವಿ ಮುಚ್ಚಿಕೊಂಡು “ಬೇಡ” ಎಂದಳು.
ಆ ಮಾತೂ ಆ ‘ವಾರ’ದಲ್ಲೇ ಕಲಿತದ್ದು.

ಅದಕ್ಕೇ ನನ್ನದೊಂದು ಸೂತ್ರ:
ಹೇಳಿದ್ದನ್ನು ಮೂರರಿಂದ ಗುಣಿಸು,
ಮುರಿಯುವ ಒಂದೊಂದು ಬೋಲ್ಟಿಗೂ ಒಂದೊಂದು ವಾರ ಕೂಡು,
ಮೇಲೊಂದು ಹಿಮ ಸುರಿಸು.
ಲಾರ್ನ್ ಬೆನ್ನು ತಿರುಗಿಸಿದ ಮೇಲೆ
ಪೆನ್ಸಿಲ್ಲಿನಲ್ಲಿ, ಸಣ್ಣಗೆ,
ನವೆಂಬರ್ ಹದಿನೇಳು ಎಂದು ಬರೆದೆ.

ಅಕ್ಟೋಬರ್ ಪೂರ್ತಿ ಅವನ ಗ್ಯಾರೇಜಿನ ದೀಪ ಉರಿಯಿತು.
ಮೊದಲ ವಾರ ಬೈಗುಳ ಕೇಳುತ್ತಿತ್ತು.
ಎರಡನೆಯ ವಾರ ರೇಡಿಯೋ.
ಮೂರನೆಯದರಲ್ಲಿ ಏನೂ ಇಲ್ಲ;
ಆಗ ತಿಳಿಯಿತು, ಕೆಲಸ ಈಗ ಶುರುವಾಯಿತೆಂದು.
ಒಮ್ಮೆ ಹೋಗಿ ನೋಡಿದೆ. ಕ್ರೇನಿನ ಕೊಕ್ಕೆಯಲ್ಲಿ ಎಂಜಿನ್
ಏನೋ ಯೋಚನೆ ಬಿದ್ದಂತೆ ಮೆಲ್ಲಗೆ ತಿರುಗುತ್ತಿತ್ತು.
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘ಭಾನುವಾರ’ ಎಂದಿತ್ತು,
ಪಕ್ಕದ ಅಂಕಿ ಅಳಿಸಿ ಅಳಿಸಿ ಬರೀ ಬಿಳಿ ಮೋಡ.
“ನಾಳೆ,” ಎಂದ ಲಾರ್ನ್, ನಾನು ಕೇಳುವ ಮೊದಲೇ.
ಸುಳ್ಳಲ್ಲ ಅದು.
ಹದಿನೆಂಟು ಗಂಟೆ ಎಂದು ನಂಬದಿದ್ದರೆ
ಯಾರು ತಾನೇ ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿಯಾರು?

ನವೆಂಬರ್ ಹತ್ತೊಂಬತ್ತು. ಎರಡನೇ ಹಿಮ.
ಟ್ರಕ್ಕು ತಾನೇ ಬಂತು, ಬೆನ್ನ ಮೇಲೆ ಕ್ರೇನು ಹೊತ್ತು,
ಒಂದು ಸಿಲಿಂಡರಿನಲ್ಲಿ ಸ್ವಲ್ಪ ತೊದಲುತ್ತ.
ಲಾರ್ನ್ ಕ್ರೇನು ಇಳಿಸಿದ. ತಡವಾದುದರ ಮಾತೆತ್ತಲಿಲ್ಲ.
ಬೀಟ್‌ರೂಟ್ ಉಪ್ಪಿನಕಾಯಿಯ ಜಾಡಿ ಕೈಗಿಟ್ಟು
“ಮಾರ್ಲೇನ್ ಕೊಟ್ಟಳು” ಎಂದು ಹೊರಟ.
ಕ್ಯಾಲೆಂಡರ್ ನೋಡಿದೆ.
ಎರಡು ದಿನ ತಪ್ಪಿತ್ತು ನನ್ನ ಲೆಕ್ಕ.

ಶೆಡ್ಡಿನೊಳಕ್ಕೆ ಕ್ರೇನು ತಳ್ಳಿದೆ.
ಸದ್ದೇ ಇಲ್ಲ.
ಬಗ್ಗಿ ನೋಡಿದರೆ,
ಹಿಂದಿನ ಎಡಗಾಲಿಗೆ ಹೊಸ ಬೇರಿಂಗು.