ಕದಲದ ಹಡಗು

ಎಂಟಡಿ ನಾಲ್ಕಂಗುಲ.
ಮೂಗಿನಿಂದ ಬಾಲದ ತನಕ ಅಷ್ಟೇ.
ಪರದೆಯ ಮೇಲೆ ಒಂಬತ್ತು ಮೈಲಿ.

ಸ್ಲೌ ಊರಿನ ಹಳೆ ಬಿಸ್ಕತ್ತು ಕಾರ್ಖಾನೆಯಲ್ಲಿ,
ಗೋಡೆಗಳಿಗಿನ್ನೂ ಶುಂಠಿಯ ವಾಸನೆ ಇದ್ದ ಚಳಿಗಾಲದಲ್ಲಿ,
ಪ್ಲೈವುಡ್ಡಿನ ಪಕ್ಕೆಲುಬಿಗೆ ಪ್ಲಾಸ್ಟಿಕ್ಕಿನ ತೊಗಲು ಹೊದಿಸಿ
‘ಕಾಲ್ವಾರ’ವನ್ನು ಕಟ್ಟಿದವರು ನಾವು ಹನ್ನೊಂದು ಜನ.
ಹೊರಗೆ ಕಸದವರ ಮುಷ್ಕರ,
ಬೀದಿ ತುಂಬ ಕಪ್ಪು ಚೀಲ, ಇಲಿ.
ಒಳಗೆ ಒಂದು ಸಾಮ್ರಾಜ್ಯ
ಸೀಮೆಎಣ್ಣೆ ಹೀಟರಿನ ಪಕ್ಕ
ಅಂಟು ಒಣಗಲೆಂದು ಕಾಯುತ್ತ.

ಅದರ ಮೈಮೇಲಿನ ಆ ಘೋರ ಗಂಟುಗಳು,
ಫಿರಂಗಿ, ಕೊಳವೆ, ಗೋಪುರ, ಏನೇನೋ,
ಎಲ್ಲ ಆಟಿಕೆ ಅಂಗಡಿಯವು.
ನಲವತ್ತು ಡಬ್ಬಿ ಟ್ಯಾಂಕು,
ಹದಿನೆಂಟು ಡಬ್ಬಿ ಉಗಿಬಂಡಿ,
ತಪ್ಪಿ ಬಂದ ಒಂದು ಡಬ್ಬಿಯಲ್ಲಿ ಹಾಲಿನ ಡೈರಿ.
ಹಸುಗಳನ್ನು ಕಿಟಕಿಯಲ್ಲಿ ಮೇಯಲು ಬಿಟ್ಟು
ಕ್ಯಾನುಗಳನ್ನು ಹಡಗಿನ ಹೊಟ್ಟೆಗೆ ಅಂಟಿಸಿದೆ.
ಅವು ಪ್ರಳಯಾಸ್ತ್ರದ ಭಂಡಾರಗಳೆಂದು
ಆಮೇಲೆ ಅಭಿಮಾನಿಗಳು ಪುಟಗಟ್ಟಲೆ ಬರೆದರು.
ಇರಲಿ ಬಿಡಿ, ಹಾಲೂ ಒಂದು ಶಕ್ತಿಯೇ.

ವಿಲ್ಫ್ ಗಾರ್‌ಸ್ಟಾಂಗ್ ನಮ್ಮ ಮೇಸ್ತ್ರಿ.
ಬ್ಯಾರೋದ ಹಡಗುಕಟ್ಟೆಯಲ್ಲಿ ಇಪ್ಪತ್ತಾರು ವರ್ಷ
ನಿಜದ ಹಡಗಿಗೆ ನಿಜದ ರಿವೆಟ್ ಬಡಿದ ಕೈ.
ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದ.
ಸಾಸಿವೆಯಷ್ಟು ಏಣಿಯನ್ನು ಚಿಮಟದ ತುದಿಗೆ ಹಿಡಿದು
“ಹೆಸ್ಟರ್, ಇದನ್ನು ಹತ್ತಿದವನು ಎಲ್ಲಿಗೆ ಹೋಗಬೇಕು ಹೇಳು.
ಬಾಗಿಲಿಲ್ಲದ ಕಡೆ ಏಣಿ ಇಡಬೇಡ.
ಒಳಗೆ ಕೆಲಸದವರಿದ್ದಾರೆ.”

ಒಳಗೆ ಯಾರಿದ್ದಾರೆ?
ನಾನು ನಕ್ಕೆ. ಇಪ್ಪತ್ತು ವರ್ಷದವಳ ನಗು.
ಕತೆಯಲ್ಲಿದ್ದದ್ದು ಒಬ್ಬನೇ:
ಬಿಳಿ ಕೈಗವಸಿನ ಮಹಾದಂಡನಾಯಕ,
ಕಿಟಕಿಯ ಬಳಿ ಬೆನ್ನು ತೋರಿಸಿ ನಿಂತವನು.
ಉಳಿದ ನಲವತ್ತು ಸಾವಿರ ಮಂದಿ
ಚಿತ್ರಕತೆಯ ಹನ್ನೆರಡನೇ ಪುಟದಲ್ಲಿ ಒಂದು ಅಂಕಿ.

ಆ ಅಂಕಿಗೆ ವಿಲ್ಫ್ ಊಟದ ಮನೆ ಮಾಡಿಕೊಟ್ಟ.
ಕಕ್ಕಸು, ಬಟ್ಟೆ ಒಣಗಿಸುವ ಕೋಣೆ,
ಅಕ್ಕಿಕಾಳಿನ ಗಾತ್ರದ ಹನ್ನೆರಡು ಜೀವರಕ್ಷಕ ದೋಣಿ.
ಎಲ್ಲ ಬಲ ಮಗ್ಗುಲಿಗೆ,
ಕ್ಯಾಮೆರಾ ಎಂದೂ ನೋಡದ ಮಗ್ಗುಲಿಗೆ,
ದುಡ್ಡು ಉಳಿಸಲು ಬೋಳು ಬಿಡಿ ಎಂದಿದ್ದರು, ಅಲ್ಲಿಗೆ.

ಒಂದು ಗುಟ್ಟು ಹೇಳುತ್ತೇನೆ.
ಆ ಹಡಗು ಎಂದೂ ಹಾರಲಿಲ್ಲ.
ಕಂಬದ ಮೇಲೆ ಸುಮ್ಮನೆ ಕೂತಿತ್ತು.
ಹಳಿಯ ಮೇಲೆ ಕ್ಯಾಮೆರಾ ರಾತ್ರಿಯಿಡೀ
ಬಸವನಹುಳುವಿನಂತೆ ತೆವಳಿ ಅದರ ಬಳಿ ಬಂತು.
ಬೀದಿಯಲ್ಲಿ ಲಾರಿ ಹೋದರೆ ನೆಲ ನಡುಗುತ್ತಿತ್ತು,
ಮತ್ತೆ ಮೊದಲಿಂದ.
ಏಳು ಲೋಕ ಸುಟ್ಟದ್ದು
ಎಳ್ಳಷ್ಟೂ ಕದಲಲಿಲ್ಲ.
ನಾವೇ ನಡೆದು ಅದರ ಹತ್ತಿರ ಹೋದೆವು,
ಅದು ಬಂತು ಬಂತು ಎಂದು
ಕುರ್ಚಿಯ ತೋಳು ಹಿಡಿದುಕೊಂಡೆವು.

ಮೂರನೇ ಚಿತ್ರಕ್ಕೆ ಅದನ್ನು ಸಿಡಿಸಬೇಕಿತ್ತು.
ಪಾಳು ವಿಮಾನನಿಲ್ದಾಣ, ಮಾರ್ಚ್, ಮಂಜು.
ಹೊಟ್ಟೆಯಲ್ಲಿ ಮದ್ದು ತುಂಬಿ, ತಂತಿ ಎಳೆದು,
ಎಲ್ಲರೂ ಮರಳಿನ ಮೂಟೆಯ ಹಿಂದೆ.
ವಿಲ್ಫ್ ಕೆಮ್ಮುತ್ತ ಬಂದ. ಕೆಲಸ ಬಿಟ್ಟು ವರ್ಷವಾಗಿತ್ತು.
“ಐದು ನಿಮಿಷ ಕೊಡಿ.”
ಬಲ ಮಗ್ಗುಲಿಗೆ ಮಂಡಿಯೂರಿ
ಚಿಮಟದಿಂದ ಒಂದೊಂದೇ ದೋಣಿ ಬಿಡಿಸಿ
ತಂಬಾಕಿನ ಡಬ್ಬಿಗೆ ಹಾಕಿದ.
ನಿರ್ದೇಶಕ ಗಡಿಯಾರ ನೋಡಿಕೊಂಡ.
ಯಾರೂ ನಗಲಿಲ್ಲ. ನಾನೂ.
“ಈಗ ಸರಿ,” ಎಂದ. “ಹಚ್ಚಿ.”

ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.
ಪರದೆಯ ಮೇಲೆ ಅದೇ ಹನ್ನೊಂದು ಸೆಕೆಂಡು,
ಶಬ್ದವೇ ಇಲ್ಲದ ಶೂನ್ಯದಲ್ಲಿ ಭಾರಿ ಶಬ್ದ.
ರೆಡಿಂಗಿನ ಚಿತ್ರಮಂದಿರದಲ್ಲಿ ಜನ ಎದ್ದು ನಿಂತು ಕೇಕೆ ಹಾಕಿದರು,
ನನ್ನ ಮುಂದಿನ ಸಾಲಿನ ಹುಡುಗ ಟೋಪಿ ಎಸೆದ.
ನಾನು ಬೆಂಕಿಯ ಬಲ ಅಂಚನ್ನೇ ನೋಡುತ್ತಿದ್ದೆ.

ಆ ಡಬ್ಬಿ ಈಗ ನನ್ನಲ್ಲಿದೆ.
ಮುಚ್ಚಳ ತೆಗೆದರೆ ಇನ್ನೂ ತಂಬಾಕು.
ಒಮ್ಮೊಮ್ಮೆ ಕನ್ನಡಕ ಹಾಕಿಕೊಂಡು ಎಣಿಸುತ್ತೇನೆ,
ಹನ್ನೊಂದೇ.
ಇನ್ನೊಂದು ವಿಲ್ಫನ ಕೋಟಿನ ಜೇಬಿನ ಹೊಲಿಗೆಯಲ್ಲಿ
ಎಲ್ಲೋ ಸಿಕ್ಕಿಕೊಂಡಿರಬೇಕು.
ಆ ಕೋಟಿನಲ್ಲೇ ಅವನನ್ನು ಹೂಳಿದರು.