ನಾನಾರ್ಥ

ಸದಾಶಿವಗಡದ ಮನೆ. ಬೆಳಗಿನ ಎಂಟೂವರೆ.
ಕಂಠದ ತೂತಿನಿಂದ ಕಫ ಎಳೆದು, ಕೊಳವೆ ಒರೆಸಿ,
ಬೆನ್ನಿಗೆ ದಿಂಬು ಕೊಟ್ಟು
ವರ್ಣಮಾಲೆಯ ಪಟ ಎತ್ತಿ ಹಿಡಿಯುತ್ತೇನೆ.
ಅದೇ ಪಟ. ಮೂರನೇ ಇಯತ್ತೆಯ ಗೋಡೆಯಿಂದ
ನಿವೃತ್ತಿಯ ದಿನ ಕುಮುದಿನಿ ಅಕ್ಕೋರು
ಸುರುಳಿ ಸುತ್ತಿ ತಂದದ್ದು.
ಕೊನೆಯ ಮೂಲೆ ಇಲಿ ತಿಂದು
ಳ ಹೋಗಿದೆ.

ಬೆರಳು ಸರಿಸುತ್ತೇನೆ, ಸಾಲಿಂದ ಸಾಲಿಗೆ.
ಕಣ್ಣು ಮೇಲೆತ್ತಿದರೆ ಹೌದು.
ಕೈ, ಕಾಲು, ನಾಲಗೆ
ಒಂದೊಂದಾಗಿ ರಾಜೀನಾಮೆ ಕೊಟ್ಟ ಮೇಲೆ
ಹಾಜರಿ ಹಾಕುವುದು ಅವೆರಡೇ.

ಮೊನ್ನೆ ಮಂಗಳವಾರ
ಯ ರ ಲ ವ ಶ ಷ ದಾಟಿ ಸ ದಲ್ಲಿ ನಿಲ್ಲಿಸಿದರು.
ಸ ಇಳಿ ಸಾ.
ಮತ್ತೆ ಮೊದಲ ಸಾಲು, ಮೊದಲ ಅಕ್ಷರ.
ಕ ಕೊಂಬು ಕು.
ಆಮೇಲೆ ರೆಪ್ಪೆ ಮುಚ್ಚಿಕೊಂಡರು.

ಸಾಕು.

ಮಾಜಾಳಿಯಿಂದ ಬಂದ ತಮ್ಮ ಉಲ್ಹಾಸ
ಹೊಸ್ತಿಲಲ್ಲೇ ಕುಸಿದು ಅತ್ತ:
ಬಾಯಿಲ್ಲದಿದ್ದರೂ ಹೇಳಿದ್ದಾಳಲ್ಲ, ಸಾಕಂತೆ,
ಇನ್ನೂ ಏನು ಕೇಳುತ್ತೀರಿ ಅವಳನ್ನು?
ಗಂಡ ದತ್ತಾರಾಮ ತಾಂಡೇಲರು ಮೆತ್ತಗೆ:
ಸಾಕು ಅಂದಿದ್ದಾಳೆ. ನನ್ನನ್ನು ಸಾಕು, ಅಂತ.
ಕೋಳಿ ಸಾಕಿದಿರಿ, ಬೀದಿಯ ಬೆಕ್ಕು ಸಾಕಿದಿರಿ,
ಈಗ ನನ್ನನ್ನು.

ಡಾಕ್ಟರು ಇಬ್ಬರಿಗೂ ತಿಳಿಸಿ ಹೇಳಿದರು.
ಸೂಜಿ ಚುಚ್ಚಿ ಕಳಿಸಿದರೆ ಅಪರಾಧ.
ಯಂತ್ರ ಬೇಡ ಅನ್ನುವುದು ಹಕ್ಕು,
ಆದರೆ ಎರಡು ಮಂಡಳಿ ಒಪ್ಪಬೇಕು,
ಅದಕ್ಕೂ ಮೊದಲು ಅವರ ಮಾತು
ಸ್ಪಷ್ಟವಾಗಿರಬೇಕು.

ಸ್ಪಷ್ಟ!
ಕಾಡು ಎಂದರೆ ಅಡವಿ, ಕಾಡು ಎಂದರೆ ಪೀಡಿಸು,
ಅರಸು ಎಂದರೆ ದೊರೆ, ಅರಸು ಎಂದರೆ ಹುಡುಕು.
ಇದೇ ಅಕ್ಕೋರ ಕೈಲಿ
ಹುಣಸೆ ಬರಲಿನ ಪೆಟ್ಟು ತಿಂದು ಕಲಿತವಳು ನಾನು,
ಕೋಡಿಬಾಗದ ಪಾಸ್ಕೋಲನ ಮಗಳು ಅರ್ಸುಲಾ.
ಮನೆಮಾತಿನಲ್ಲಿ ಪುರೋ ಅನ್ನಬಹುದಿತ್ತು.
ಪುರೋ ಅಂದರೆ ಪುರೋ,
ಬಟ್ಟಲಿಗೆ ಅಂಗೈ ಅಡ್ಡ ಹಿಡಿದ ಹಾಗೆ.
ಪಟದಲ್ಲಿ ಪ ಇತ್ತು, ರ ಇತ್ತು.
ಇಲ್ಲದ್ದು ಳ.
ಉಳಿಸು ಅನ್ನಲೂ ಬಾರದು,
ಕಳಿಸು ಅನ್ನಲೂ ಬಾರದು.

ಉಸಿರು ಕೊಟ್ಟವನೇ ತೆಗೆದುಕೊಳ್ಳಲಿ
ಅನ್ನುತ್ತಾರೆ ನಮ್ಮ ಪಾದ್ರಿ.
ಈ ಉಸಿರು ಕೊಡುತ್ತಿರುವುದು ಹುಬ್ಬಳ್ಳಿಯಿಂದ
ತಿಂಗಳ ಬಾಡಿಗೆಗೆ ತಂದ ಯಂತ್ರ, ಫಾದರ್.
ಇದನ್ನು ಅವರೆದುರು ಹೇಳಿಲ್ಲ.

ಬುಧವಾರ ಮಧ್ಯಾಹ್ನ ಕರೆಂಟು ಹೋಯಿತು.
ಇನ್ವರ್ಟರು ಹನ್ನೊಂದು ನಿಮಿಷ ಕೂಗಿ ಸುಮ್ಮನಾಯಿತು.
ಜನರೇಟರು ಕೇಳಲು ತಾಂಡೇಲರು
ಬರಿಗಾಲಲ್ಲೇ ಓಡಿದರು.
ನಾನು ರಬ್ಬರಿನ ಚೀಲ ಸಿಕ್ಕಿಸಿ ಒತ್ತಿದೆ.
ಒತ್ತು, ಬಿಡು. ಒತ್ತು, ಬಿಡು.
ನಲವತ್ತು ನಿಮಿಷ
ಆ ಮನೆಯ ವಾದವೆಲ್ಲ ನನ್ನ ಬಲಗೈಯಲ್ಲಿತ್ತು.
ಒತ್ತಿದಾಗ ಗಂಡನ ಅರ್ಥ,
ಬಿಟ್ಟಾಗ ತಮ್ಮನ ಅರ್ಥ.
ಸೋತು ಎಡಗೈಗೆ ಬದಲಿಸುವಾಗ
ಒಂದು ಕ್ಷಣ ಯಾವ ಅರ್ಥವೂ ಇರಲಿಲ್ಲ.
ಅಕ್ಕೋರು ನನ್ನನ್ನೇ ನೋಡುತ್ತಿದ್ದರು,
ಪೇಪರು ತಿದ್ದುವಾಗ
ಕನ್ನಡಕದ ಮೇಲಿಂದ ನೋಡುತ್ತಿದ್ದ ಹಾಗೆ.

ಕರೆಂಟು ಬಂತು. ನಡುಗುವ ಕೈಯಲ್ಲೇ ಪಟ ಎತ್ತಿ
ಕೇಳಿಯೇಬಿಟ್ಟೆ: ಯಾವ ಸಾಕು, ಅಕ್ಕೋರೆ?

ಸ ಕ್ಕೆ ವ ಒತ್ತು.
ಸೊನ್ನೆ.
ತ.
ವ ಇಳಿ ವಾ.

ಮುಂದಿನದು ಬೇಕಾಗಲಿಲ್ಲ.
ಎಷ್ಟು ಸಲ ಓದಿಲ್ಲ ಅದನ್ನು, ಕರಿಹಲಗೆಯ ಮೇಲೆ,
ಅವರದೇ ದುಂಡು ಅಕ್ಷರದಲ್ಲಿ:
ಸ್ವಂತ ವಾಕ್ಯದಲ್ಲಿ ಬಳಸಿರಿ.
ತುಟಿಯ ಎಡತುದಿ ಅಲುಗಿತು.
ಅಲುಗಲಾರದು ಅನ್ನುತ್ತಾರೆ ಡಾಕ್ಟರು.

ಸಂಜೆ ಟೆಂಪೊದಲ್ಲಿ ಕಾಳಿ ದಾಟುತ್ತೇನೆ.
ಹಳೆಯ ಸೇತುವೆ ಬಿದ್ದ ಮೇಲೆ
ಹೋಗುವವರಿಗೂ ಬರುವವರಿಗೂ ಇರುವುದೊಂದೇ.
ಎದುರಿಗೆ ಗೋವೆಯ ಲಾರಿ. ಪಕ್ಕಕ್ಕೆ ಸರಿದು ನಿಲ್ಲುತ್ತೇವೆ.
ಟಿಕೆಟಿನ ಹಿಂದೆ ವಾಕ್ಯ ಕಟ್ಟುತ್ತೇನೆ, ಹೊಡೆದು ಹಾಕುತ್ತೇನೆ.
ಕ್ರಿಯಾಪದ ಸಿಗುತ್ತದೆ.
ಕರ್ತೃಪದ ಬರೆಯುವ ಜಾಗದಲ್ಲಿ
ಪೆನ್ನು ನಿಲ್ಲುತ್ತದೆ.
ನಾಳೆ ಎಂಟೂವರೆಗೆ ಪಾಟಿ ತೋರಿಸಬೇಕು.